ಬಾರದ ಸ್ಪ್ರಿಂಗು, ಮುಚ್ಚಿದ ಕೋವಿ ಅಂಗಡಿ

ಆ ಒಂದು ಮೆಸೇಜ್ ಬರದೇ ಇದ್ದಿದ್ದರೆ ಈ ವಾರ ನಾನು ಬೇರೇನನ್ನೋ ಬರೆಯುತ್ತಿದ್ದೆ.

ಎರಡು ತಿಂಗಳ ಹಿಂದಿನ ಮಾತು. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿ. ಅಷ್ಟರಲ್ಲಿ ಸಿದ್ಧಕಟ್ಟೆಯಿಂದ ಅಣ್ಣನ ಫೋನು. ಅಣ್ಣ ಫೋನ್ ಮಾಡುವ ಜನವಲ್ಲ. (ಹಬ್ಬಕ್ಕೆ ಕರೆಯುವುದಿದ್ದರೂ ಅತ್ತಿಗೆಯೇ ಮಾಡಬೇಕು.) ಹಲೋ ಕೂಡ ಅನ್ನಲಿಲ್ಲ.

“ನನ್ನ ಕೋವಿ ಹಾಳಾಗಿಲ್ಲವಂತೆ.”

“ಯಾರು ಹೇಳಿದ್ದು?”

“ಮೊಬೈಲಿಗೆ ಮೆಸೇಜ್ ಬಂದಿದೆ, ಸರ್ಕಾರದ್ದು. ನಿಮ್ಮ ಆಯುಧ ಅವಧಿ ಮೀರಿ ರಿಪೇರಿ ಅಂಗಡಿಯಲ್ಲಿದೆ, ಪರಿಶೀಲನೆಯಲ್ಲಿ ದೋಷ ಕಂಡುಬಂದಿಲ್ಲ, ಕೂಡಲೇ ಪಡೆದುಕೊಳ್ಳಿ ಅಂತ. ಕೋವಿ ಅಂಗಡಿಯ ಆಚಾರ್ರು ನಾಲ್ಕು ವರ್ಷದಿಂದ ಸ್ಪ್ರಿಂಗ್ ಬಂದಿಲ್ಲ, ಸ್ಪ್ರಿಂಗ್ ಬಂದಿಲ್ಲ ಅಂತಿದ್ದಾರೆ. ದೋಷವೇ ಇಲ್ಲದ ಕೋವಿಗೆ ಸ್ಪ್ರಿಂಗ್ ಎಂತಕ್ಕೆ ಮಾರಾಯ್ತಿ?”

ನನಗೆ ಉತ್ತರ ಗೊತ್ತಿತ್ತು.

ಆ ಸುಳ್ಳನ್ನು ಹೇಳಿಸಿದ್ದೇ ನಾನು.

ನಮ್ಮ ಕಡೆಯವರಲ್ಲದ ಓದುಗರಿಗೆ ಇಲ್ಲೊಂದು ಮಾತು. ಕೋವಿ ಅಂದಕೂಡಲೇ ಸಿನಿಮಾದ ಗೂಂಡಾಗಳನ್ನು ನೆನೆಸಿಕೊಳ್ಳಬೇಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೃಷಿಕರ ಮನೆಗಳಲ್ಲಿ ಅದು ಹಾರೆ, ಪಿಕ್ಕಾಸಿನ ಜೊತೆಗಿನ ಒಂದು ಸಾಮಾನು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುತ್ತದೆ. ಮಂಗಗಳ ಹಿಂಡು ಬಂದರೆ ಆಕಾಶಕ್ಕೆ ಒಂದು ಈಡು. ಚುನಾವಣೆ ಬಂದರೆ ಠಾಣೆಗೋ ಅಂಗಡಿಗೋ ಜಮಾ. ಉಳಿದಂತೆ ಅದು ಗೋಡೆಗೆ ಒರಗಿಕೊಂಡೇ ಇರುತ್ತದೆ. ಅಣ್ಣನದ್ದೂ ಹಾಗೆಯೇ ಇತ್ತು.

ನಾಲ್ಕು ವರ್ಷದ ಹಿಂದೆ ಬೆಳ್ತಂಗಡಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಅಣ್ಣ ಕಾರು ಓಡಿಸಿಕೊಂಡು ವಾಪಸು ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ಜಯರಾಮಣ್ಣ. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆ. ಪುಂಜಾಲಕಟ್ಟೆಯ ಹತ್ತಿರ ತಿರುವಿನಲ್ಲಿ ಎದುರಿನಿಂದ ಲಾರಿ ನುಗ್ಗಿತು. ಅಣ್ಣನಿಗೆ ಹಣೆಗೆ ಮೂರು ಹೊಲಿಗೆ. ಜಯರಾಮಣ್ಣ ಉಳಿಯಲಿಲ್ಲ.

ತಪ್ಪು ಲಾರಿಯವನದ್ದೇ ಎಂದು ಪೊಲೀಸರು ಬರೆದರು. ಜಯರಾಮಣ್ಣನ ಹೆಂಡತಿಯೇ ಮನೆಗೆ ಬಂದು, “ನೀವು ಹೀಗೆ ಕೂತರೆ ಅವರ ಆತ್ಮಕ್ಕೂ ಸಮಾಧಾನ ಇರುವುದಿಲ್ಲ” ಎಂದು ಅತ್ತು ಹೋದರು. ಅಣ್ಣನ ಕಿವಿಗೆ ಯಾವುದೂ ಇಳಿಯಲಿಲ್ಲ. ಕಾರಿನ ಕೀ ಮುಟ್ಟಲಿಲ್ಲ. ಗಡ್ಡ ತೆಗೆಯಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ, ಕಲಸಿ, ಹಾಗೆಯೇ ಏಳುತ್ತಿದ್ದ.

ಆಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು.

“ಇವರು ಜಗಲಿಯಲ್ಲಿ ಕೂತು ಕೋವಿ ಒರೆಸ್ತಾ ಇದ್ದಾರೆ. ಎಂತಕ್ಕೆ ಅಂತ ಕೇಳಿದೆ. ತುಕ್ಕು ಹಿಡೀತದೆ ಅಂದ್ರು. ಎರಡು ವರ್ಷದಿಂದ ಅದನ್ನು ಮುಟ್ಟಿದವರಲ್ಲ. ನನಗೆ ಭಯ ಆಗ್ತದೆ, ನೀನು ಬಾ.”

ಆ ಭಯದ ಹೆಸರನ್ನು ಅತ್ತಿಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಂಥ ವಿಷಯಕ್ಕೆ ಬಾಯಿಬಿಟ್ಟು ಹೆಸರಿಡುವ ಧೈರ್ಯ ನಮ್ಮ ಮನೆಗಳಲ್ಲಿ ಎಷ್ಟು ಜನರಿಗಿದೆ, ಹೇಳಿ?

ಕೋವಿಯನ್ನು ಮನೆಯಿಂದ ಹೊರಗೆ ಹಾಕಬೇಕಿತ್ತು. ಆದರೆ ಲೈಸೆನ್ಸ್ ಇರುವವನೇ ಅದನ್ನು ಹಿಡಿದುಕೊಂಡು ಹೋಗಬೇಕು. “ಲೈಸೆನ್ಸ್ ರಿನ್ಯೂವಲ್ ಹತ್ತಿರ ಬಂತು, ಒಮ್ಮೆ ಸರ್ವಿಸ್ ಮಾಡಿಸುವ, ನಾನೇ ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ” ಅಂದೆ. ಅಣ್ಣ ಒಪ್ಪಿದ. ಮರುದಿನ ಬಂಟ್ವಾಳ ಪೇಟೆಗೆ ಹೋದೆವು.

ಹಳೇ ಬೀದಿಯಲ್ಲಿ ಒಂದು ಸಣ್ಣ ಅಂಗಡಿ. ‘ಕೋವಿ ರಿಪೇರಿ, ತೋಟೆ ಮಾರಾಟ’ ಎಂಬ ಬೋರ್ಡು. ಒಳಗೆ ಒಂದು ಬೆಂಚು, ಗಾಜಿನ ಕಪಾಟಿನಲ್ಲಿ ಗುಂಡು ತುಂಬಿದ ತೋಟೆಗಳ ಪೆಟ್ಟಿಗೆ, ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಂತ ಕೋವಿಗಳು. ಕುತ್ತಿಗೆಗೆ ಕನ್ನಡಕ ಇಳಿಬಿಟ್ಟುಕೊಂಡು ಕೂತಿದ್ದವರು ಸೀತಾರಾಮ ಆಚಾರ್ಯರು. (ಹೆಸರು ಬದಲಾಯಿಸಿದ್ದೇನೆ.) ಅಪ್ಪನ ಕಾಲದಿಂದ ನಮ್ಮ ಕೋವಿ ನೋಡುತ್ತಿದ್ದವರು. ಅವರ ಮಗಳು ವಿದ್ಯಾ ನನ್ನ ಹಳೇ ವಿದ್ಯಾರ್ಥಿನಿ. ಹಾಗಾಗಿ ಅವರಿಗೆ ನಾನು ‘ಟೀಚರ್’.

ಅಣ್ಣ ಎದುರಿನ ಹೋಟೆಲಿಗೆ ನೀರು ಕುಡಿಯಲು ಹೋದ. ಅಷ್ಟೇ ಸಮಯ ನನಗೆ ಸಿಕ್ಕಿದ್ದು.

“ಆಚಾರ್ರೆ, ಇದನ್ನು ವಾಪಸು ಕೊಡಬೇಡಿ.”

ಅವರು ನನ್ನ ಮುಖ ನೋಡಿದರು. ಬೀದಿಯ ಆಚೆ ಬದಿಯಲ್ಲಿ ಲೋಟ ಹಿಡಿದು ನಿಂತಿದ್ದ ಅಣ್ಣನನ್ನು ನೋಡಿದರು. ಆ ಮನುಷ್ಯ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅಣ್ಣ ಬಂದಾಗ ಕೋವಿಯನ್ನು ಮಡಚಿ, ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಎರಡು ಸಲ ಕಟಕಟ ಅನ್ನಿಸಿದರು. “ಶೆಟ್ರೆ, ಇದರ ಸ್ಪ್ರಿಂಗ್ ಹೋಗಿದೆ. ಈ ಕಂಪೆನಿಯದ್ದು ಈಗ ಬರುವುದೇ ಇಲ್ಲ. ಹುಡುಕಿಸ್ಬೇಕು. ಬಿಟ್ಟು ಹೋಗಿ, ಬಂದ ಕೂಡಲೇ ಫೋನ್ ಮಾಡ್ತೇನೆ” ಅಂದರು. ಪುಸ್ತಕದಲ್ಲಿ ‘ದುರಸ್ತಿಗೆ’ ಎಂದು ಬರೆದು ರಸೀದಿ ಹರಿದುಕೊಟ್ಟರು.

ಆ ಸ್ಪ್ರಿಂಗು ಬರಲೇ ಇಲ್ಲ.

ಅಣ್ಣ ಎರಡು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುತ್ತಿದ್ದ. ಒಮ್ಮೆ ಕೊಯಮತ್ತೂರಿಗೆ ಹೇಳಿ ಕಳಿಸಿದ್ದೇನೆ ಎಂದರಂತೆ. ಒಮ್ಮೆ ಬಂದಿತ್ತು, ಅಳತೆ ಸರಿ ಹೋಗಲಿಲ್ಲ ಎಂದರಂತೆ. ಒಮ್ಮೆ ತಮ್ಮ ಕಣ್ಣಿನ ಆಪರೇಷನ್ನನ್ನೇ ನೆಪ ಮಾಡಿದರಂತೆ. ಹಾಗೆ ಮಾತಾಡಿದ ದಿನ ಸಂಜೆ ತಪ್ಪದೆ ನನಗೊಂದು ಫೋನು. “ಟೀಚರೇ, ಶೆಟ್ರು ಇವತ್ತು ಮಾತಾಡಿದ್ರು. ಸ್ವರ ಚೂರು ಗಟ್ಟಿ ಆಗಿದೆ.” ಇಲ್ಲವಾದರೆ, “ಸ್ವರ ಸ್ವಲ್ಪ ಕೆಳಗೆ ಉಂಟು, ನೀವೊಮ್ಮೆ ಹೋಗಿ ಬನ್ನಿ.”

ಅಷ್ಟರಲ್ಲಿ ಅಣ್ಣನನ್ನು ಮಂಗಳೂರಿನ ಡಾಕ್ಟರರಿಗೆ ತೋರಿಸಿದ್ದೆವು. ಮೊದಲನೇ ದಿನವೇ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಮನೆಯಲ್ಲಿ ಕೋವಿ ಉಂಟಾ?” ಎಂದು ಕೇಳಿದರು. ಇತ್ತು, ಅಂಗಡಿಗೆ ದಾಟಿಸಿದ್ದೇವೆ ಅಂದೆ. “ಒಳ್ಳೇ ಕೆಲಸ ಮಾಡಿದ್ರಿ” ಅಂದರು. ಆ ಒಳ್ಳೇ ಕೆಲಸ ಮಾಡಿದವರು ಬಂಟ್ವಾಳದಲ್ಲಿದ್ದರು. ಮಾತ್ರೆ, ಮಾತು, ಕಾಲ, ಎಲ್ಲ ಸೇರಿ ಅಣ್ಣ ನಿಧಾನಕ್ಕೆ ಮೇಲೆದ್ದ. ಎರಡನೇ ವರ್ಷ ಗಡ್ಡ ತೆಗೆದ. ಮೂರನೇ ವರ್ಷ ಕಾರು ಮುಟ್ಟಿದ, ಪುಂಜಾಲಕಟ್ಟೆಯ ದಾರಿಯೊಂದು ಬಿಟ್ಟು.

ಹಾಗಾದರೆ ಆಗಲೇ ನಿಜ ಹೇಳಿಬಿಡಬಹುದಿತ್ತಲ್ಲ?

ಹೇಳಬಹುದಿತ್ತು. ಅತ್ತಿಗೆ ನಾನು ಹೇಳಲಿ ಅಂದುಕೊಂಡರು. ನಾನು ಅತ್ತಿಗೆ ಹೇಳಲಿ ಅಂದುಕೊಂಡೆ.

ಈ ನಡುವೆ ಕೋವಿ ಅಂಗಡಿಗಳಿಗೆ ರಾಜ್ಯದ ಹೊಸ ನಿಯಮ ಬಂತು. ಗೋಡೆ ಇಷ್ಟು ದಪ್ಪ ಇರಬೇಕು, ಬಾಗಿಲು ಕಬ್ಬಿಣದ್ದಾಗಬೇಕು, ಕ್ಯಾಮೆರಾ ಬೇಕು. ಪ್ರತಿಯೊಂದು ಕೋವಿ, ಪ್ರತಿಯೊಂದು ತೋಟೆಯ ಲೆಕ್ಕ ಆನ್‌ಲೈನ್ ಆಗಬೇಕು. ರಿಪೇರಿಗೆ ಬಂದದ್ದನ್ನು ಇಂತಿಷ್ಟು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇದೆಲ್ಲ ಸರಿಯಿದ್ದರೆ ಮಾತ್ರ ಅಂಗಡಿಯ ಪರವಾನಗಿ ನವೀಕರಣ. ಪೇಟೆಯ ದೊಡ್ಡ ಡೀಲರುಗಳಿಗೆ ಇದು ಒಂದು ವಾರದ ಕೆಲಸ. ಸಣ್ಣ ಅಂಗಡಿಯವರಿಗೆ?

ನಿಯಮವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕೋವಿ ಬದನೆಕಾಯಿಯಲ್ಲ. ಆಚಾರ್ರು ಕೂಡ ಒಮ್ಮೆಯೂ ಗೊಣಗಲಿಲ್ಲ. “ಬೇಕಲ್ವಾ ಟೀಚರೇ. ತಪ್ಪು ಕೈಗೆ ಹೋದರೆ?” ಎಂದರು. ಗೋಡೆ ಕಟ್ಟಿಸಿದರು. ಬಾಗಿಲು ಮಾಡಿಸಿದರು. ವಿಟ್ಲದ ಶಾಲೆಯಲ್ಲಿ ಟೀಚರಾಗಿರುವ ವಿದ್ಯಾ ಪ್ರತಿ ಭಾನುವಾರ ಬಂದು, ಅಪ್ಪನ ಪುಸ್ತಕ ನೋಡಿ ನೋಡಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಆ ದಿನಗಳಲ್ಲೇ ಆಚಾರ್ರು ನನಗೆ ಫೋನ್ ಮಾಡಿದ್ದರು. “ಟೀಚರೇ, ಶೆಟ್ರ ಕೋವಿಯ ವಿಷಯ ಎಂತ ಮಾಡುವ? ಈಗ ಎಲ್ಲ ಕಂಪ್ಯೂಟರಿಗೆ ಹೋಗ್ತದೆ.” ನನ್ನ ಟೇಬಲಿನ ಮೇಲೆ ಉತ್ತರ ಪತ್ರಿಕೆಗಳ ಗುಡ್ಡೆ. “ವ್ಯಾಲ್ಯುವೇಶನ್ ಮುಗೀಲಿ ಆಚಾರ್ರೆ, ನೋಡುವ” ಅಂದೆ.

ನೋಡಲಿಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ಎಲ್ಲವನ್ನೂ ನೋಡಿ ತೃಪ್ತಿಪಟ್ಟರಂತೆ. ಒಂದು ಕೋವಿ ಮಾತ್ರ ನಾಲ್ಕು ವರ್ಷದಿಂದ ರಿಪೇರಿಯಲ್ಲಿದೆ ಎಂದು ಕಂಪ್ಯೂಟರು ಕೆಂಪು ಗೆರೆ ತೋರಿಸಿತು. ತೆಗೆಸಿ ನೋಡಿದರು. ಸ್ಪ್ರಿಂಗು ಸರಿಯಾಗಿಯೇ ಇತ್ತು. ಅಣ್ಣನಿಗೆ ಮೆಸೇಜು ಹೋಯಿತು. ಆಚಾರ್ರಿಗೆ ನೋಟಿಸು ಅದಕ್ಕೂ ವಾರ ಮೊದಲೇ ಬಂದಿತ್ತು.

ಅಣ್ಣನ ಫೋನ್ ಬಂದ ದಿನ ಕಾಲೇಜಿಗೆ ರಜೆ ಹಾಕಿ ಸಿದ್ಧಕಟ್ಟೆಗೆ ಹೋದೆ. ಅಣ್ಣ ಅಂಗಿ ಹಾಕಿಕೊಂಡು, ಹಳೇ ರಸೀದಿ ಜೇಬಿನಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದ. ಅತ್ತಿಗೆ ಬಾಗಿಲಲ್ಲೇ ಉಳಿದರು. ನಾವಿಬ್ಬರೂ ಬಂಟ್ವಾಳಕ್ಕೆ ಹೊರಟೆವು.

ಅಂಗಡಿಯಲ್ಲಿ ವಿದ್ಯಾ ಕೂಡ ಇದ್ದಳು. ಅಣ್ಣ ಬೆಂಚಿನಲ್ಲಿ ಕೂರಲಿಲ್ಲ. (ಮಾತೆಲ್ಲ ತುಳುವಿನಲ್ಲಿ ನಡೆದದ್ದು, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.)

“ಸ್ಪ್ರಿಂಗ್ ಎಲ್ಲಿ ಆಚಾರ್ರೆ?”

“ಬಂತು ಶೆಟ್ರೆ, ಮೊನ್ನೆ ಬಂತು. ಹಾಕಿದೆ. ನಿಮಗೆ ಫೋನ್ ಮಾಡುವ ಅಂತಲೇ ಇದ್ದೆ.”

ಇನ್ನೂ ಸುಳ್ಳು! ಸಿಕ್ಕಿಬಿದ್ದ ಮೇಲೂ ನನ್ನನ್ನು ಬಿಟ್ಟುಕೊಡದೆ ಹೇಳುತ್ತಿರುವ ಸುಳ್ಳು. ನನಗೆ ತಡೆಯಲಾಗಲಿಲ್ಲ.

“ಅಣ್ಣ, ನಾನು ಹೇಳಿದ್ದು. ಕೊಡಬೇಡಿ ಅಂತ ನಾನೇ ಹೇಳಿದ್ದು.”

ಅಣ್ಣ ನನ್ನನ್ನು ನೋಡಿದ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು.

“ಯಾರಿಗೆಲ್ಲ ಗೊತ್ತು?”

“ನನಗೆ, ಅತ್ತಿಗೆಗೆ, ಆಚಾರ್ರಿಗೆ. ಡಾಕ್ಟರರಿಗೆ.”

“ನನಗೊಬ್ಬನಿಗೆ ಗೊತ್ತಿರಲಿಲ್ಲ.” ಆಚಾರ್ರ ಕಡೆಗೆ ಕೈ ತೋರಿಸಿ ಹೇಳಿದ: “ನಾನು ಪ್ರತಿ ಸಲ ಫೋನ್ ಮಾಡಿದ್ದು ಎಂತಕ್ಕೆ ಗೊತ್ತುಂಟಾ? ಇವರ ಹತ್ತಿರ ಮಾತಾಡಿದರೆ ಹಗುರ ಆಗ್ತಿತ್ತು. ಜಯರಾಮನ ವಿಷಯ ಎತ್ತದೆ ನನ್ನ ಹತ್ತಿರ ಮಾತಾಡುವವರು ಇವರೊಬ್ಬರೇ ಇದ್ದದ್ದು. ಇವರೂ ಕಾವಲಿಗೆ ಇದ್ದವರು ಅಂತ ಈಗ ಗೊತ್ತಾಯ್ತು.”

ಆಚಾರ್ರು ತಲೆ ತಗ್ಗಿಸಿದರು.

ಆಗ ವಿದ್ಯಾ ಡ್ರಾಯರಿನಿಂದ ಎರಡು ಕಾಗದ ತೆಗೆದು ಅಣ್ಣನ ಕೈಗೆ ಕೊಟ್ಟಳು. “ಅದನ್ನು ಇಡು ಮಗಾ” ಎಂದು ಆಚಾರ್ರು ಗದರಿದರು. ಅವಳು ಕೇಳಲಿಲ್ಲ. ಒಂದು ನೋಟಿಸು. ಇನ್ನೊಂದು ಅದಕ್ಕೆ ಆಚಾರ್ರು ಕೊಟ್ಟ ಉತ್ತರದ ಪ್ರತಿ. ಕೋವಿ ಯಾಕೆ ಇಷ್ಟು ವರ್ಷ ಉಳಿಯಿತು ಎಂಬ ಪ್ರಶ್ನೆಗೆ ಅವರು ಸ್ವಂತ ಕೈಯಲ್ಲಿ ಬರೆದಿದ್ದರು: ‘ನನಗೆ ವಯಸ್ಸಾಗಿರುವ ಕಾರಣ ಈ ಕೋವಿಯ ವಿಷಯ ಮರೆತುಹೋಗಿದೆ. ತಪ್ಪು ನನ್ನದೇ.’

ಅಣ್ಣ ಎರಡು ಸಲ ಓದಿದ. ಬೆಂಚಿನಲ್ಲಿ ಕೂತ.

“ನಿಜ ಯಾಕೆ ಬರೆಯಲಿಲ್ಲ?”

“ಬರೆದರೆ ನಿಮ್ಮ ಹೆಸರಿನ ಎದುರಿಗೆ ಅದು ಕೂತುಬಿಡ್ತದೆ ಶೆಟ್ರೆ. ನಾಳೆ ನಿಮ್ಮ ಮಗಳಿಗೆ ಸಂಬಂಧ ನೋಡ್ಲಿಕ್ಕೆ ಬಂದವರು ಕೇಳ್ತಾರೆ. ಒಮ್ಮೆ ಕಾಗದಕ್ಕೆ ಹೋದದ್ದನ್ನು ವಾಪಸು ತರ್ಲಿಕ್ಕೆ ಆಗ್ತದಾ? ನನ್ನದು ಎಂತ, ಮರೆವು ತಾನೇ. ಈ ವಯಸ್ಸಿಗೆ ಯಾರಿಗಿಲ್ಲ?”

ಎರಡು ದಿನ ಬಿಟ್ಟು ಅಣ್ಣ ತಾನೇ ಒಂದು ಪತ್ರ ಬರೆದ. ನಡೆದದ್ದೆಲ್ಲ. ತನ್ನ ಹೆಸರು, ತನ್ನ ಕಾಯಿಲೆ, ಏನನ್ನೂ ಬಿಡದೆ. ಅದನ್ನು ಹಿಡಿದುಕೊಂಡು ನಾವಿಬ್ಬರೂ ನೋಟಿಸು ಕಳಿಸಿದ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ನನಗಿಂತ ಸಣ್ಣ ಪ್ರಾಯದವರು, ಘಟ್ಟದ ಮೇಲಿನ ಕಡೆಯವರು, ಒಳ್ಳೆಯವರು. ಕುರ್ಚಿ ಕೊಟ್ಟರು. ಪೂರ್ತಿ ಓದಿದರು. ಆಮೇಲೆ ಪತ್ರವನ್ನು ಮಡಚಿ ಅಣ್ಣನ ಕಡೆಗೇ ಸರಿಸಿದರು.

“ಸರ್, ನಾನು ಇದನ್ನು ನಂಬ್ತೀನಿ. ಆದರೆ ನೀವು ಇದನ್ನು ಕೊಟ್ರೆ ಅವರಿಗೆ ಇನ್ನೂ ಕಷ್ಟ ಆಗುತ್ತೆ. ಮರೆತಿದ್ದು ಅಂದ್ರೆ ನಿರ್ಲಕ್ಷ್ಯ. ಬೇಕಂತಲೇ ದುರಸ್ತಿಗೆ ಅಂತ ಸುಳ್ಳು ಬರೆದ್ರು ಅಂದ್ರೆ ಅದು ಅಪರಾಧ. ಕೇಸೇ ಆಗಬಹುದು.”

“ಅವರು ಒಂದು ಜೀವ ಉಳಿಸಿದ್ದಾರೆ,” ಅಂದ ಅಣ್ಣ.

ಹಾಗೆ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿದೆ.

ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಅಂಗಡಿಯಲ್ಲಿ ಕೋವಿ ಇರಲು ಕಾರಣ: ಮಾರಾಟ, ದುರಸ್ತಿ, ಠೇವಣಿ, ವರ್ಗಾವಣೆ. “ಇದರಲ್ಲಿ ಯಾವುದಕ್ಕೆ ಹಾಕ್ಲಿ, ನೀವೇ ಹೇಳಿ.” ವ್ಯಂಗ್ಯವಾಗಿ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಾವು ಪತ್ರ ವಾಪಸು ತಂದೆವು.

ಮರೆವು ಎಂಬ ಉತ್ತರವೇ ಉಳಿಯಲಿ, ಎಚ್ಚರಿಕೆ ಕೊಟ್ಟು ಬಿಟ್ಟಾರು ಎಂಬ ಆಸೆ ನಮ್ಮದು. ಮೂರು ವಾರ ಕಳೆದು ಆದೇಶ ಬಂತು. ಅರ್ಜಿದಾರರಿಗೆ ವಯಸ್ಸಾಗಿದ್ದು, ಮರೆವು ಇದೆಯೆಂದು ಅವರೇ ಲಿಖಿತವಾಗಿ ಒಪ್ಪಿರುತ್ತಾರೆ, ಅಂಥವರ ವಶದಲ್ಲಿ ಆಯುಧಗಳಿರುವುದು ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಸೂಕ್ತವಲ್ಲ, ಪರವಾನಗಿ ನವೀಕರಣವನ್ನು ನಿರಾಕರಿಸಲಾಗಿದೆ.

ಇದರಲ್ಲಿ ಯಾವ ವಾಕ್ಯ ತಪ್ಪು? ನಾನು ಕನ್ನಡ ಪಾಠ ಮಾಡುವವಳು. ಹತ್ತು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ.

ಮೇಲ್ಮನವಿ ಹಾಕುವ ಎಂದು ಅಣ್ಣ ಒತ್ತಾಯಿಸಿದ. ವಿದ್ಯಾ ಅತ್ತಳು. ಆಚಾರ್ರು ಒಪ್ಪಲಿಲ್ಲ. “ಮೇಲೆ ಹೋದರೆ ಮೊದಲಿಂದ ಬಗೆದು ನೋಡ್ತಾರೆ. ಆಗ ನಿಜ ಹೊರಗೆ ಬರ್ತದೆ. ಬೇಡ. ಹೇಗೂ ಇನ್ನು ಎಷ್ಟು ವರ್ಷ ಕೂರ್ತಿದ್ದೆ ನಾನು?”

ಕಳೆದ ವಾರ ಅಂಗಡಿ ಖಾಲಿ ಮಾಡಿದರು. ಕೋವಿಗಳನ್ನೆಲ್ಲ ಮಂಗಳೂರಿನ ಒಬ್ಬ ದೊಡ್ಡ ಡೀಲರಿಗೆ ವಹಿಸಬೇಕೆಂದು ಆದೇಶವಾಗಿತ್ತು. ಬೆಳಿಗ್ಗೆ ವ್ಯಾನು ಬಂತು. ಕಚೇರಿಯಿಂದ ಒಬ್ಬರು ಗುಮಾಸ್ತರು ಪಟ್ಟಿ ಹಿಡಿದು ಬಂದಿದ್ದರು. ಅಣ್ಣ ಮತ್ತು ನಾನು ಬೆಂಚಿನಲ್ಲಿ ಕೂತಿದ್ದೆವು. ಅಣ್ಣನ ಕೋವಿ ಅಲ್ಲಿರಲಿಲ್ಲ. ಅದನ್ನೂ ಲೈಸೆನ್ಸನ್ನೂ ಅವನು ಮೊದಲೇ ಠಾಣೆಗೆ ಒಪ್ಪಿಸಿ ಬಂದಿದ್ದ.

ಗುಮಾಸ್ತರು ಕೋವಿಯ ನಂಬರು ಓದಬೇಕು, ಆಚಾರ್ರು ಆ ಕೋವಿಯನ್ನು ಎತ್ತಿ ಕೊಡಬೇಕು, ವಿದ್ಯಾ ಪುಸ್ತಕ ನೋಡಿ ಯಾರದ್ದೆಂದು ಹೇಳಬೇಕು. ಹಾಗೆಂದು ಶುರುವಾಯಿತು. ಆದರೆ ವಿದ್ಯಾ ಪುಸ್ತಕದ ಪುಟ ತಿರುಗಿಸುವ ಮೊದಲೇ ಆಚಾರ್ರು ಹೇಳುತ್ತಿದ್ದರು.

“ಇದು ವಿಟ್ಲದ ಭಟ್ರದ್ದು. ಅವರು ತೀರಿಕೊಂಡರು, ಮಗನಿಗೆ ಹೆಸರು ಬದಲಾಯಿಸ್ಲಿಕ್ಕೆ ಇಟ್ಟದ್ದು. ಇದರ ಕುದುರೆ ಎಳೀಲಿಕ್ಕೆ ಸ್ವಲ್ಪ ಬಿಗಿ, ಎಣ್ಣೆ ಬಿಡ್ಲಿಕ್ಕೆ ಹೇಳಿ. ಇದು ಪುಂಜಾಲಕಟ್ಟೆ ಪೂಜಾರಿಯವರದ್ದು, ಮಸ್ಕತ್ತಿನಿಂದ ಬರುವವರೆಗೆ ಠೇವಣಿ. ಇದು ಬೆಳ್ತಂಗಡಿಯ ಒಬ್ಬರು ಅಮ್ಮನದ್ದು, ಗಂಡ ಹೋದ ಮೇಲೆ ಮನೆಯಲ್ಲಿ ನೋಡ್ಲಿಕ್ಕೆ ಆಗುವುದಿಲ್ಲ ಅಂತ ತಂದಿಟ್ಟದ್ದು. ಚುನಾವಣೆಗೆ ಎರಡು ದಿನ ಮೊದಲು. ಆ ದಿನ ಜೋರು ಮಳೆ.”

ಒಂದಾದ ಮೇಲೆ ಒಂದು. ಊರು, ಹೆಸರು, ಬಂದ ದಿನ, ಕೋವಿಯ ಕೊರತೆ. ಸ್ವಲ್ಪ ಹೊತ್ತಿನಲ್ಲಿ ವಿದ್ಯಾ ಪುಸ್ತಕ ಮುಚ್ಚಿಟ್ಟಳು. ಗುಮಾಸ್ತರು ತಮ್ಮ ಕೈಯಲ್ಲಿದ್ದ ಆದೇಶದ ಪ್ರತಿಯನ್ನು ನೋಡಿದರು, ಆಚಾರ್ರನ್ನು ನೋಡಿದರು, ಮತ್ತೆ ಕಾಗದ ನೋಡಿದರು.

ವ್ಯಾನು ಹೋಯಿತು. ಎದುರಿನ ಹೋಟೆಲಿನವರು ನಮಗೆಲ್ಲ ಚಾ ತಂದುಕೊಟ್ಟರು. ಕೊಡುವಾಗ ಆಚಾರ್ರ ಹತ್ತಿರ ಸ್ವಲ್ಪ ದೊಡ್ಡ ಸ್ವರದಲ್ಲಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು: “ಆಚಾರ್ರೆ, ಮನೆಗೆ, ಒಬ್ಬರೇ, ಹೋಗ್ತೀರಲ್ಲ?”

ಸುದ್ದಿ ಪೇಟೆಯಿಡೀ ಹಬ್ಬಿತ್ತು. ಆಚಾರ್ರಿಗೆ ಮರೆವಿನ ಕಾಯಿಲೆಯಂತೆ, ಸರ್ಕಾರದವರೇ ಬರೆದಿದ್ದಾರಂತೆ.

“ಹೋಗ್ತೇನೆ ಮಾರಾಯ,” ಎಂದು ಅವರು ನಕ್ಕರು. ಆ ನಗುವನ್ನು ನೋಡಲಾಗದೆ ಅಣ್ಣ ಲೋಟ ಕೆಳಗಿಟ್ಟು ಬೀದಿಗೆ ಇಳಿದ. ನಮ್ಮ ಮನೆಯ ಹೆಸರಿಗೆ ಬರಬೇಕಾಗಿದ್ದ ಒಂದು ಮಾತನ್ನು ಆ ಮನುಷ್ಯ ತನ್ನ ಹೆಸರಿಗೆ ಬರೆಸಿಕೊಂಡಿದ್ದರು. ಸಾಯುವವರೆಗೆ ಅದು ಅವರ ಹೆಸರಿನ ಎದುರಿಗೇ ಇರುತ್ತದೆ.

ಇದನ್ನು ಬರೆಯಲಾ ಎಂದು ಆಚಾರ್ರನ್ನು ಕೇಳಿದೆ. ಬೇಡ ಅಂದರು. ಅಣ್ಣನನ್ನು ಕೇಳಿದೆ. ನನ್ನ ಜೊತೆ ಅವನು ಈಗಲೂ ಮೊದಲಿನಂತೆ ಮಾತಾಡುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ಆದರೂ ಇದಕ್ಕೆ ಮಾತ್ರ, “ಬರೆ. ಅವರಿಗೆ ಮರೆವಿಲ್ಲ ಅಂತ ಒಂದು ಕಡೆಯಾದರೂ ಬರಹದಲ್ಲಿ ಇರಲಿ” ಅಂದ. ಹಾಗಾಗಿ ಬರೆದಿದ್ದೇನೆ. (ಸುಳ್ಳು ಬರೆದದ್ದಕ್ಕೆ ಈಗ ಆಚಾರ್ರ ಮೇಲೆ ಕ್ರಮ ಆಗಬೇಕು ಎನ್ನುವವರು ನನ್ನನ್ನು ಹಿಡಿಯಿರಿ. ಹೇಳಿಸಿದವಳು ನಾನು.)

ಮಂಗಳೂರಿನ ಆ ದೊಡ್ಡ ಡೀಲರರ ಮಳಿಗೆಗೆ ಮೊನ್ನೆ ಒಮ್ಮೆ ಹೋಗಿ ಬಂದೆ, ಸುಮ್ಮನೆ ನೋಡಲು. ಗಾಜಿನ ಬಾಗಿಲು, ಎಸಿ, ಟೋಕನ್ನು. ಕೌಂಟರಿನಲ್ಲಿದ್ದವರು ನಗುಮುಖದಿಂದಲೇ ಕೇಳಿದರು: “ಪರ್ಪಸ್ ಏನು ಮೇಡಂ?”

ಈ ಮೂರು ತಾಲೂಕಿನ ಯಾವುದೋ ಮನೆಯ ಜಗಲಿಯಲ್ಲಿ ಇವತ್ತು ಒಬ್ಬರು ಸುಮ್ಮನೆ ಕೂತು ಕೋವಿ ಒರೆಸುತ್ತಿದ್ದರೆ, ಬಾಗಿಲಲ್ಲಿ ನಿಂತು ನಡುಗುವ ಆ ಹೆಂಗಸು ಇನ್ನು ಯಾವ ಅಂಗಡಿಯ ಮೆಟ್ಟಿಲು ಹತ್ತಬೇಕು?